ಒಂದು ಹೆಸರು, ಎರಡು ಎದೆಬಡಿತ

ಉಣಕಲ್ ಕೆರೆಯ ಪಕ್ಕದ ತಿರುವಿನಲ್ಲಿ ಕಸ್ತೂರಿ ಬಡಿಗೇರ ಬಸ್ಸಿನ ವೇಗ ತಗ್ಗಿಸುತ್ತಿದ್ದಾಗ ಅವಳ ಎಡತೋಳಿನ ಮೇಲಿದ್ದ ಪಟ್ಟಿ ‘ಟಿಕ್’ ಎಂದಿತು. ಅದು ಮದ್ದು ಬಿಡುವ ಸದ್ದು. ಊಟ ಮಾಡಿದ ಮೇಲೆ ಕೇಳಿಸಬೇಕಾದದ್ದು ಈಗೇಕೆ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಸಲ ‘ಟಿಕ್’ ಎಂದಿತು. ಸ್ವಲ್ಪ ದೂರ ಹೋಗುವುದರೊಳಗೆ ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂತು. ಸ್ಟೀರಿಂಗ್ ಹಿಡಿದ ಕೈ ನಡುಗತೊಡಗಿತು. ಎದುರಿನ ರಸ್ತೆ ಒಂದಿದ್ದದ್ದು ಎರಡಾಗಿ ಕಂಡಿತು.

ಹಿಂದೆ ಬಸ್ಸಿನ ತುಂಬ ಜನರಿದ್ದರು. ಅವಳು ಹೇಗೋ ಬಸ್ಸನ್ನು ಎಡಕ್ಕೆ ಎಳೆದು, ಬ್ರೇಕ್ ಒತ್ತಿ, ಸ್ಟೀರಿಂಗ್ ಮೇಲೆಯೇ ಕುಸಿದಳು.

"ಡ್ರೈವರ್ ಅಕ್ಕ ಬಿದ್ದಾಳ ನೋಡ್ರಿ!" ಎಂದು ಯಾರೋ ಕೂಗಿದರು. ಮುಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ಅವಳ ಮುಖ ನೋಡಿದಳು. ಒದ್ದೆಯಾದ ಕುತ್ತಿಗೆ ಮುಟ್ಟಿದಳು. "ಸಕ್ರಿ ಇಳದೈತಿ ಇಕಿಗೆ" ಎಂದವಳೇ ಚೀಲದಿಂದ ಶೇಂಗಾ ಉಂಡಿ ತೆಗೆದು, ಪುಡಿ ಮಾಡಿ, ಬಾಯಿಗೆ ಹಾಕಿದಳು. ಕಸ್ತೂರಿ ಕಣ್ಣು ತೆರೆದಾಗ ಮೊದಲು ನೋಡಿದ್ದು ಕಿಟಕಿಯ ಆಚೆಗೆ. ಬಸ್ಸು ಕೆರೆಯ ಕಟ್ಟೆಗೆ ತಾಗುವಂತೆ ನಿಂತಿತ್ತು.

ಕಸ್ತೂರಿಗೆ ಸಕ್ಕರೆ ಕಾಯಿಲೆ ಬಂದದ್ದು ಎಂಟನೆಯ ವಯಸ್ಸಿನಲ್ಲಿ. ಅವಳ ಮೈ ಇನ್ಸುಲಿನ್ ಎಂಬುದನ್ನು ತಾನಾಗಿ ಒಂದು ಹನಿಯನ್ನೂ ಮಾಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಾಗಿದ್ದರೆ ಅಂಥವರ ಕೈಗೆ ಯಾರೂ ಬಸ್ಸು ಕೊಡುತ್ತಿರಲಿಲ್ಲ. ಮದ್ದುಪಟ್ಟಿ ಬಂದ ಮೇಲೆ ಅದು ಬದಲಾಯಿತು. ಮೂರು ಬೆರಳಗಲದ ಆ ಪಟ್ಟಿ ತೋಳಿಗೆ ಅಂಟಿಕೊಂಡು ರಕ್ತದ ಸಕ್ಕರೆ ಅಳೆಯುತ್ತದೆ. ಅಳತೆಯನ್ನು ಧಾರವಾಡದ ಆರೋಗ್ಯ ಕೇಂದ್ರದ ಗಣಕಗಳಿಗೆ ಕಳಿಸುತ್ತದೆ. ಎಷ್ಟು ಮದ್ದು ಬೇಕೆಂದು ಅಲ್ಲಿ ಲೆಕ್ಕವಾಗಿ ಅಪ್ಪಣೆ ಬಂದೊಡನೆ ‘ಟಿಕ್’ ಎಂದು ಒಳಗಿಳಿಸುತ್ತದೆ. ಆ ಪಟ್ಟಿ ಇವಳದೇ ಎಂದು ಕೇಂದ್ರಕ್ಕೆ ಗೊತ್ತಾಗುವುದು ಎದೆಬಡಿತದಿಂದ. ಪ್ರತಿ ಹೃದಯದ ವಿದ್ಯುತ್ ಅಲೆಗೂ ಅದರದೇ ಆಕಾರವಿರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಆಸ್ಪತ್ರೆಯ ಬಾಗಿಲು, ಔಷಧಿಯಂಗಡಿ, ರೋಗದ ದಾಖಲೆ ಎಲ್ಲದಕ್ಕೂ ಅದೇ ಕೀಲಿ. ‘ಬೆರಳಚ್ಚನ್ನು ಕದಿಯಬಹುದು, ಎದೆಬಡಿತವನ್ನು ಯಾರು ಕದ್ದಾರು?’ ಎಂದು ಊರೂರಿನ ಗೋಡೆಗಳ ಮೇಲೆ ಬರೆದಿದ್ದರು. ಜನ ನಂಬಿದ್ದರು. ಕಸ್ತೂರಿಯೂ ನಂಬಿದ್ದಳು.

ಡಿಪೋದ ಡಾಕ್ಟರು ಅವಳ ದಾಖಲೆಯನ್ನು ಪರದೆಯ ಮೇಲೆ ತೆರೆದು ಹುಬ್ಬು ಗಂಟಿಕ್ಕಿದರು.

"ಮುಂಜಾನೆ ಏನ್ ತಿಂದಿದ್ರಿ? ನಿಮ್ಮ ಸಕ್ರಿ ಮೇಲಕ್ಕ ಹೋಗಿತ್ತು ಅಂತ ತೋರಸಾಕತ್ತೈತಿ. ಅದಕ್ಕ ಪಟ್ಟಿ ಮದ್ದು ಬಿಟ್ಟೈತಿ."

"ಒಂದ್ ರೊಟ್ಟಿ ತಿಂದೀನ್ರಿ ಸರ. ಅದೂ ನಸುಕಿನ್ಯಾಗ."

"ಮತ್ತ ಕಾಲಿನ ಗಾಯ? ಅದಕ್ಕ ಯಾಕ ಸರಿಯಾಗಿ ಡ್ರೆಸ್ಸಿಂಗ್ ಮಾಡಿಸ್ಕೊಂಡಿಲ್ಲ?"

"ಯಾವ ಗಾಯ?"

ಡಾಕ್ಟರು ಪರದೆಯನ್ನು ಅವಳತ್ತ ತಿರುಗಿಸಿದರು. ಅವಳ ಹೆಸರಿನ ಕೆಳಗೆ, ರೋಗಿಗಳೇ ಫೋನಿನಿಂದ ಕಳಿಸುವ ಚಿತ್ರಗಳ ಜಾಗದಲ್ಲಿ, ಒಂದು ಫೋಟೊ ಇತ್ತು. ಹೆಂಗಸಿನ ಎಡಗಾಲು. ಒಡೆದ ಹಿಮ್ಮಡಿ, ಬೆರಳಿಗೆ ಸವೆದ ಕಾಲುಂಗುರ, ಹೆಬ್ಬೆರಳ ಬುಡದಲ್ಲಿ ಕಪ್ಪಾಗಿ ಕೊಳೆಯುತ್ತಿದ್ದ ಗಾಯ. ಕಸ್ತೂರಿ ಬಗ್ಗಿ ಬೂಟು ಬಿಚ್ಚಿದಳು. ಕಾಲುಚೀಲ ತೆಗೆದಳು. ಇಬ್ಬರೂ ಅವಳ ಪಾದವನ್ನು ನೋಡಿದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಈ ಕಾಲು ಯಾರದ್ರಿ ಸರ?" ಎಂದು ಕೇಳಿದಳು. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು.

ಡಾಕ್ಟರು ಕೂಡಲೇ ಕೇಂದ್ರಕ್ಕೆ ಫೋನು ಮಾಡಿದರು. ಅವಳ ಎದೆಬಡಿತದ ಗುರುತನ್ನು ಬೇರೆ ಯಾರೋ ಬಳಸುತ್ತಿರುವಂತಿದೆ, ನಾಳೆ ಬೆಳಿಗ್ಗೆ ಅವಳನ್ನು ಇಲ್ಲಿಗೆ ಕಳಿಸಿ, ಅಲ್ಲಿಯವರೆಗೆ ಬಸ್ಸು ಓಡಿಸುವುದು ಬೇಡ ಎಂದು ಉತ್ತರ ಬಂತು.

ಮನೆಗೆ ಬಂದು ಹೇಳಿದಾಗ ಗಂಡ ಬಸಲಿಂಗ ಹಲಗೆ ಹೆರೆಯುತ್ತಿದ್ದ ರಂದವನ್ನು ಕೆಳಗಿಟ್ಟ. ಅವನದು ಕಟ್ಟಿಗೆ ಕೆಲಸ. ಮನೆಯ ಮುಂದಿನ ಅರ್ಧ ಭಾಗವೇ ಅಂಗಡಿ.

"ತಗದ ಒಗಿ ಅದನ್ನ" ಎಂದ.

"ತಗದ್ರ ಮದ್ದು ಎಲ್ಲಿಂದ ಬರ್ತೈತಿ? ಮೊದಲಿನಂಗ ಸೂಜಿ, ಬಾಟ್ಲಿ ಅಂಗಡ್ಯಾಗ ಸಿಗ್ತಾವೇನು? ಸಿಕ್ಕರೂ ಎದಿಬಡಿತ ಕೇಳ್ತಾರ. ಆ ಎದಿಬಡಿತನ ಈಗ ನನ್ನದಲ್ಲ."

ಅವನು ಬೇರೆ ದಾರಿ ಕಾಣದೆ ಕೈಲಾದದ್ದನ್ನೆಲ್ಲ ಮಾಡಿದ. ಬಾಗಿಲಿನ ಗುರುತುಯಂತ್ರ ಕಿತ್ತು ಹಳೆಯ ಕಬ್ಬಿಣದ ಬೀಗ ಜಡಿದ. ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿದ. ತನ್ನ ಹೆಂಡತಿಯ ಹೆಸರಿನಲ್ಲಿ ಯಾರು ಮಾತಾಡಿದರೂ ನಂಬಬೇಡಿ ಎಂದು ಬಂಧುಗಳಿಗೆಲ್ಲ ತಿಳಿಸಿದ. ಕಸ್ತೂರಿ ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿದಳು. ಬದಲಿಸುತ್ತ ಬದಲಿಸುತ್ತ ಅವಳಿಗೆ ಅಳು ಬಂತು. ಇವನ್ನೆಲ್ಲ ಬದಲಿಸಬಹುದಿತ್ತು. ಎದೆ ಬಡಿಯುವ ರೀತಿಯನ್ನು ಹೇಗೆ ಬದಲಿಸುವುದು?

ಎದೆಬಡಿತ ಎಲ್ಲಿ ಸೋರಿತೆಂದು ಇಬ್ಬರೂ ಯೋಚಿಸಿದರು. ಬಸ್ ನಿಲ್ದಾಣದಲ್ಲಿ ಹಿಂದಿನ ವರ್ಷ ಚಾಲಕರಿಗೆಂದು ಯಾರೋ ಉಚಿತ ಹೃದಯ ತಪಾಸಣೆಯ ಡೇರೆ ಹಾಕಿದ್ದರು. ಬಿಳಿ ಕೋಟಿನ ಹುಡುಗರು, ಬಾಯಿತುಂಬ ನಗು. ಒಂದು ಯಂತ್ರದ ಮೇಲೆ ಮಣಿಕಟ್ಟು ಇಡಿಸಿಕೊಂಡು, ಹೆಸರು, ಗಂಡನ ಹೆಸರು, ತಾಯಿಯ ಹೆಸರು, ಓಣಿ ಎಲ್ಲವನ್ನೂ ಕೇಳಿ ನೀರಿನ ಬಾಟಲಿ ಕೊಟ್ಟು ಕಳಿಸಿದ್ದರು. ಬೇರೆಲ್ಲೂ ಅವಳು ಮಣಿಕಟ್ಟು ಕೊಟ್ಟಿರಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ, ಅವಳು ತುತ್ತು ಎತ್ತುವ ಮೊದಲೇ ಪಟ್ಟಿ ‘ಟಿಕ್’ ಎಂದಿತು. ಬಸಲಿಂಗ ಡಬ್ಬಿಯಿಂದ ಬೆಲ್ಲದ ಹೆಂಟೆ ತೆಗೆದು ಅವಳ ಬಾಯಿಗೆ ತುರುಕಿದ. ಅವಳು ಅಗಿದಳು. ಎಲ್ಲೋ, ಯಾವುದೋ ಊರಿನಲ್ಲಿ, ಯಾರೋ ಈಗ ಉಂಡರು ಎಂದು ಅವಳಿಗೆ ಅನಿಸಿತು. ಆ ಯಾರೋ ಉಣ್ಣುತ್ತಾರೆ, ಮದ್ದು ತನ್ನ ಮೈಗೆ ಇಳಿಯುತ್ತದೆ. ಅವರು ಹಬ್ಬದೂಟ ಮಾಡಿದರೆ ತಾನು ಸಾಯುತ್ತೇನೆ. ಆಮೇಲೆ ಪ್ರತಿ ಸದ್ದಿಗೂ ಅವಳು ಬೆಚ್ಚುತ್ತಿದ್ದಳು. ಹಲ್ಲಿ ಲೊಚಗುಟ್ಟಿದರೂ ತೋಳು ಹಿಡಿದುಕೊಳ್ಳುತ್ತಿದ್ದಳು. ಬೆಲ್ಲ ಸಾಕಾಗಿ ವಾಂತಿ ಬರುವಂತಾದರೂ ತಿಂದಳು. ಮಲಗಿದರೆ ಎಚ್ಚರವಾಗದೆ ಹೋದೀತೆಂದು ಗಂಡ ಹೆಂಡತಿ ಗೋಡೆಗೊರಗಿ ಕುಳಿತೇ ಬೆಳಗು ಮಾಡಿದರು.

ಧಾರವಾಡದ ಕೇಂದ್ರದ ನಿಯಂತ್ರಣ ಕೊಠಡಿಗೆ ಕಿಟಕಿಗಳಿರಲಿಲ್ಲ. ಗೋಡೆಯುದ್ದಕ್ಕೂ ಪರದೆಗಳಿದ್ದವು. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ನಫೀಸಾ ಮುಲ್ಲಾ ಐವತ್ತು ದಾಟಿದ, ಮೆತ್ತಗಿನ ಮಾತಿನ ಹೆಂಗಸು. ಕಸ್ತೂರಿಯ ಎದೆಗೆ ತಂತಿಗಳನ್ನು ಅಂಟಿಸಿ ಅವಳ ಹೃದಯದ ಅಲೆಯನ್ನು ಹೊಸದಾಗಿ ದಾಖಲಿಸಿಕೊಂಡರು. ಆಮೇಲೆ ಪರದೆಯ ಮೇಲೆ ಎರಡು ಗೆರೆಗಳನ್ನು ಒಂದರ ಕೆಳಗೊಂದು ಓಡಿಸಿದರು.

"ಮ್ಯಾಲಿಂದು ನಿಮ್ಮದು. ಕೆಳಗಿಂದು ಇನ್ನೊಂದು ಪಟ್ಟಿಯಿಂದ ಬರಾಕತ್ತೈತಿ. ನೋಡಾಕ ಎರಡೂ ಒಂದ. ಆದ್ರ ಕೆಳಗಿಂದು ಜೀವಂತ ಎದಿ ಅಲ್ಲ. ನಿಮ್ಮ ಬಡಿತಾನ ಒಂದು ಸಣ್ಣ ಬಿಲ್ಲೆಯೊಳಗ ತುಂಬಿ ಪಟ್ಟಿಗೆ ಹಚ್ಚ್ಯಾರ. ಅದು ಬಡದಿದ್ದನ್ನ ಮತ್ತ ಮತ್ತ ಬಡೀತೈತಿ. ಪಟ್ಟಿ ಮಾತ್ರ ಬ್ಯಾರೆ ಯಾರದೋ ತೋಳಿನ ಮ್ಯಾಲ ಐತಿ, ಅವರ ಸಕ್ರಿ ಅಳ್ಯಾಕತ್ತೈತಿ."

"ಎರಡ ಪಟ್ಟಿ ಅದಾವಂತ ಯಂತ್ರಕ್ಕ ತಿಳಿಯಂಗಿಲ್ಲೇನ್ರಿ?"

"ಹಳೇ ಪಟ್ಟಿ ತಗದು ಹೊಸಾದು ಹಚ್ಚಿಕೊಳ್ಳೂಮುಂದ ಒಂದೀಟು ದಿನ ಎರಡೂ ಮಾತಾಡ್ತಾವ. ಹಂಗಂತ ತಿಳಕೊಂಡೈತಿ. ಅವರ ಸಕ್ರಿ ಏರಿದ್ರ ನಿಮಗೂ ಮದ್ದು ಹೋಗ್ತೈತಿ. ನಿಮ್ಮದು ಇಳಿದ್ರ ಅವರ ಮದ್ದೂ ನಿಲ್ತೈತಿ."

ನಫೀಸಾ ಹಳೆಯ ಕಾಲದ ಸೂಜಿಯನ್ನೂ ಇನ್ಸುಲಿನ್ ಬಾಟಲಿಯನ್ನೂ ಮೇಜಿನ ಮೇಲಿಟ್ಟರು. "ನಿಮ್ಮನ್ನ ನಾವು ನೋಡ್ಕೋತೀವಿ. ಈಗ ನಿಮ್ಮ ಹೆಸರು ಮುಚ್ಚಬೇಕು. ಮುಚ್ಚಿದ ಕೂಡ್ಲೆ ಎರಡೂ ಪಟ್ಟಿ ನಿಲ್ತಾವ."

"ಮುಚ್ಚ್ರಿ" ಎಂದಳು ಕಸ್ತೂರಿ. "ಈಗಿಂದೀಗ ಮುಚ್ಚ್ರಿ."

ನಫೀಸಾ ಕೀಲಿಮಣೆಯ ಮೇಲೆ ಕೈಯಿಟ್ಟು ಹಾಗೆಯೇ ನಿಂತರು. ಕೆಳಗಿನ ಗೆರೆಯ ಪಕ್ಕದಲ್ಲಿದ್ದ ಅಂಕಿ ಕೆಂಪಾಗಿ ಮಿನುಗುತ್ತಿತ್ತು.

"ಯಾಕ್ರಿ?"

"ಅವರ ಸಕ್ರಿ ಭಾಳ ಏರೈತಿ. ರಾತ್ರಿಯೆಲ್ಲಾ ನಿಮ್ಮದು ಇಳದಾಗೊಮ್ಮೆ ಅವರಿಗೆ ಮದ್ದು ತಪ್ಪೈತಿ. ಕಾಲಿನ ಗಾಯ ಬ್ಯಾರೆ. ಪಟ್ಟಿ ಪೂರಾ ನಿಂತ್ರ ನಾಳೀತನಕ ತಡಿಯೂದು ಕಷ್ಟ." ಅವರು ಕಸ್ತೂರಿಯತ್ತ ತಿರುಗಿದರು. "ಕಳುವು ಅಂದ್ರ ಮುಚ್ಚಬೇಕು ಅಂತ ನಿಯಮ ಐತಿ. ನೀವು ಹೇಳಿದ್ರ ಮುಚ್ಚತೀನಿ. ನಿಮ್ಮ ತಪ್ಪೇನಿಲ್ಲ."

ಕಸ್ತೂರಿ ಮಿನುಗುವ ಕೆಂಪು ಅಂಕಿಯನ್ನು ನೋಡಿದಳು. ತನ್ನನ್ನು ಕೊಲ್ಲುತ್ತಿದ್ದಾರೆಂದು ರಾತ್ರಿಯಿಡೀ ಶಪಿಸಿದ ಆ ಯಾರನ್ನೋ ತನ್ನ ಸಕ್ಕರೆ ಇಳಿದಾಗಲೆಲ್ಲ ತಾನೂ ಕೊಲ್ಲುತ್ತಿದ್ದೆನೇ? ಕರುಣೆಗಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು. ಆ ಸಿಟ್ಟಿನಲ್ಲೇ ಕೇಳಿದಳು:

"ಎಲ್ಲಿ ಅದಾರ ಅವ್ರು?"

"ಜಾಗ ತೋರಸಂಗಿಲ್ಲ. ಆದ್ರ ಪಟ್ಟಿಯೊಳಗ ಸಣ್ಣ ಸ್ಪೀಕರ್, ಮೈಕ್ ಅದಾವ. ಇಲ್ಲಿಂದ ಮಾತಾಡಬಹುದು."

"ನಾ ಮಾತಾಡ್ತೀನ್ರಿ."

ನಫೀಸಾ ಒಂದು ಮೈಕನ್ನು ಅವಳ ಮುಂದಿಟ್ಟರು. ಬಸಲಿಂಗ ಹೆಂಡತಿಯ ಹಿಂದೆ ಬಂದು ನಿಂತ. ಸಂಪರ್ಕ ಸಿಕ್ಕಾಗ ಆ ಕಡೆಯಿಂದ ಪಾತ್ರೆಗಳ ಗಲಗಲ, ನೀರು ಸುರಿಯುವ ಸದ್ದು ಕೇಳಿಸಿತು.

"ಹಲೋ," ಎಂದಳು ಕಸ್ತೂರಿ. "ಯಾರು ಮಾತಾಡೂದು?"

ಪಾತ್ರೆಯೊಂದು ಕೆಳಗೆ ಬಿತ್ತು. ಆಮೇಲೆ ನಡುಗುವ ಹೆಣ್ಣು ದನಿ ಬಂತು.

"ಕಸ್ತೂರಿ ಬಡಿಗೇರ ನಾನ ರೀ."

ದನಿ ನಿಲ್ಲಲಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳುತ್ತ ಹೋಯಿತು: "ನಮ್ಮೂರು ಹುಬ್ಬಳ್ಳಿ ರೀ. ಗಂಡನ ಹೆಸರು ಬಸಲಿಂಗ. ಬಡಿಗತನ ಮಾಡ್ತಾನ. ತಾಯಿ ಹೆಸರು ದೇವಕ್ಕ, ತೀರ್ಕೊಂಡಾಳ. ಸಣ್ಣಾಕಿದ್ದಾಗಿಂದ ಸಕ್ರಿ ಐತ್ರಿ ನನಗ. ಬಸ್ ನಡಸ್ತೀನ್ರಿ."

ತನ್ನ ಸತ್ತ ತಾಯಿಯ ಹೆಸರು ಆ ಪರಕೀಯ ಬಾಯಲ್ಲಿ ಕೇಳಿದಾಗ ಕಸ್ತೂರಿ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಕ್ಷಣ, ತಾನು ಯಾರು ಎಂದು ಯಾರಾದರೂ ಕೇಳಿದರೆ ಹೇಳಲು ತನ್ನ ಬಳಿ ಏನೂ ಉಳಿದಿಲ್ಲ ಎಂದು ಅವಳಿಗೆ ಅನ್ನಿಸಿತು. ಬೈಯಬೇಕೆಂದು ಬಾಯಿ ತೆರೆದಳು. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

"ನಿಮ್ಮ ಕಾಲು ಹೆಂಗೈತ್ರಿ ಅಕ್ಕ?"

ಆ ಕಡೆ ನೀರಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅಳು.

"ನೀವು ಯಾರ್ರಿ?"

"ನೀವು ಹೇಳಿದ್ರೆಲ್ಲ, ಅದು ನಾನು. ಬಸ್ ನಡಸಾಕಿ. ನಿನ್ನೆ ಬಸ್ಸಿನ್ಯಾಗ ಬಿದ್ದೆ. ಜನಾ ತುಂಬಿದ್ರು. ಕೆರಿಗೆ ಬೀಳ್ತಿತ್ತು ಬಸ್ಸು."

"ನನಗ ಗೊತ್ತಿಲ್ಲ ಯವ್ವಾ, ದೇವರಾಣಿ ಗೊತ್ತಿಲ್ಲ. ಈ ಹೆಸರಿನಾಕಿ ಸತ್ತಾಳ, ಆಕಿ ಹೆಸರು ಖಾಲಿ ಐತಿ ಅಂದಿದ್ದ ಈ ಪಟ್ಟಿ ಮಾರಿದ ಮನಶ್ಯಾ." ಅಳು ತಡೆದು ತಡೆದು ಮಾತು ಬಂತು. ಅವಳ ಹೆಸರು ಹುಲಿಗೆವ್ವ. ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳದೂ ಸಕ್ಕರೆ ಕಾಯಿಲೆ. ಒಂದು ದಿನ ಆಸ್ಪತ್ರೆಯ ಯಂತ್ರ ಅವಳಿಗೆ ಬಾಗಿಲು ತೆರೆಯಲಿಲ್ಲ. ದಾಖಲೆಯಲ್ಲಿ ಅವಳು ಸತ್ತಿದ್ದಳು. "ನಾ ಸತ್ತೀನಂತ ಮಷೀನ್ ಹೇಳತೈತ್ರಿ. ಎದುರಿಗೆ ನಿಂತೀನಿ, ನೋಡ್ರಿ ಅಂದೆ. ಸತ್ತವರಿಗೆ ಔಷಧ ಕೊಡಾಕ ಬರಂಗಿಲ್ಲ ಅಂದ್ರು. ಎಷ್ಟಂತ ತಿರಗಲಿ? ಕಾಲು ಕೊಳ್ಯಾಕತ್ತಿತ್ತು."

ನಫೀಸಾ ಮೈಕಿನತ್ತ ಬಾಗಿದರು. "ಹುಲಿಗೆವ್ವ, ನಾ ಡಾಕ್ಟ್ರು. ನೀವು ಈಗ ಗದಗಿನ ದೊಡ್ಡಾಸ್ಪತ್ರಿಗೆ ಹೋಗಬೇಕು. ನಾ ಫೋನ್ ಮಾಡಿ ಹೇಳಿರ್ತೀನಿ."

"ಪೊಲೀಸ್ರು ಇರ್ತಾರ" ಎಂದಿತು ದನಿ. ಸಂಪರ್ಕ ಕಡಿದುಹೋಯಿತು.

ಕಸ್ತೂರಿಯ ಪಟ್ಟಿ ‘ಟಿಕ್’ ಎಂದಿತು. ಬಸಲಿಂಗ ಬೆಲ್ಲಕ್ಕಾಗಿ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಕಸ್ತೂರಿ ಪಟ್ಟಿಯ ಅಂಚಿಗೆ ಉಗುರು ಹಾಕಿ, ಹಲ್ಲು ಕಚ್ಚಿ, ಚರ್ಮದೊಂದಿಗೇ ಎಂಬಂತೆ ಅದನ್ನು ಕಿತ್ತಳು. ತೋಳಿನ ಮೇಲೆ ರಕ್ತದ ಚುಕ್ಕೆಗಳು ಮೂಡಿದವು.

"ನನಗ ಸೂಜಿ ಸಾಕು" ಎಂದಳು. "ಹೆಸರು ಈಗ ಮುಚ್ಚಬ್ಯಾಡ್ರಿ. ಆಕಿ ಆಸ್ಪತ್ರಿ ಮುಟ್ಟಲಿ."

"ಯೋಚನಿ ಮಾಡ್ರಿ" ಎಂದರು ನಫೀಸಾ. "ಅಲ್ಲೀತನಕ ನಿಮ್ಮ ಹೆಸರು ಪೂರಾ ಆಕಿ ಕೈಯಾಗ ಇರ್ತೈತಿ. ಆಸ್ಪತ್ರಿಗೆ ಹೋಗದ ಓಡಿ ಹೋದ್ರ ನಾ ಏನೂ ಮಾಡಾಕ ಬರಂಗಿಲ್ಲ."

"ನನಗೂ ಅಂಜಿಕಿ ಐತ್ರಿ" ಎಂದಳು ಕಸ್ತೂರಿ. "ಕೇಳಬ್ಯಾಡ್ರಿ, ಮತ್ತೊಮ್ಮೆ ಕೇಳಿದ್ರ ಮುಚ್ಚ್ರಿ ಅಂತೀನಿ."

ನಫೀಸಾ ಗದಗಿನ ಆಸ್ಪತ್ರೆಗೆ ಫೋನು ಮಾಡಿದರು.

ಈಗ ಪರದೆಯ ಮೇಲೆ ಒಂದೇ ಗೆರೆ ಉಳಿದಿತ್ತು, ಕೆಳಗಿನದು. ಕಸ್ತೂರಿಯದೇ ಎದೆಬಡಿತ, ಬೇರೆಯವಳ ತೋಳಿನಿಂದ. ಅವಳು ಕಣ್ಣು ಮಿಟುಕಿಸದೆ ಅದನ್ನು ನೋಡುತ್ತ ಕುಳಿತಳು. ಚಹಾ ತಂದಿಟ್ಟರು. ಅದು ಆರಿತು. ಇದ್ದಕ್ಕಿದ್ದಂತೆ ಗೆರೆ ನಿಂತುಹೋಯಿತು. ಪರದೆ ಬರಿದಾಯಿತು.

"ಏನಾತ್ರಿ? ಸತ್ತಳೇನ್ರಿ?"

"ಗೊತ್ತಿಲ್ಲ. ಪಟ್ಟಿ ಕಿತ್ತು ಒಗದಿರಬಹುದು. ಇಲ್ಲಾ..." ನಫೀಸಾ ಮತ್ತೆ ಫೋನು ಎತ್ತಿಕೊಂಡರು.

ಬಸಲಿಂಗ ಸಿಟ್ಟಿನಿಂದ, "ಓಡಿ ಹೋಗ್ಯಾಳ. ಮುಚ್ಚ್ರಿ ಇನ್ನ" ಎಂದ. ಕಸ್ತೂರಿಗೆ ಹೌದೆನ್ನಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಆ ಬಿಲ್ಲೆ ಈಗ ಯಾರ ಕೈಗೆ ಹೋಯಿತೋ, ಯಾವ ಊರಿನ ಯಾವ ಬಾಗಿಲನ್ನು ಅದು ತೆರೆಯುತ್ತದೋ ಎಂದು ನೆನೆಯುತ್ತ ಬರಿದಾದ ಪರದೆಯನ್ನೇ ನೋಡಿದಳು.

ಗದಗಿನಿಂದ ಫೋನು ಬಂತು. ಒಬ್ಬ ಹೆಂಗಸು ಕುಂಟುತ್ತ ಬಂದು, ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟು, "ಇದು ಹುಬ್ಬಳ್ಳ್ಯಾಗಿನಾಕಿದು, ಆಕಿಗೆ ಕೊಡ್ರಿ" ಎಂದು ಹೇಳಿ ಅಲ್ಲೇ ಕುಸಿದು ಬಿದ್ದಳಂತೆ. ಅವಳಿಗೆ ಈಗ ಮದ್ದು ಹಾಕಿದ್ದಾರೆ, ಉಸಿರಿದೆ ಎಂದರು. ನಫೀಸಾ ಕೀಲಿಯೊತ್ತಿ ಹೆಸರು ಮುಚ್ಚಿದರು. ಕಸ್ತೂರಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ಹುಲಿಗೆವ್ವ ಬದುಕಿದಳು. ಹೆಬ್ಬೆರಳು ಹೋಯಿತು. ಪೊಲೀಸರು ಹೇಳಿಕೆ ಪಡೆಯಲು ಬಂದಾಗ ಕಸ್ತೂರಿ ದೂರು ಕೊಟ್ಟದ್ದು ಡೇರೆ ಹಾಕಿದವರ ಮೇಲೆ. ಹುಲಿಗೆವ್ವನ ಪಾಲಿಗೆ ಬೇರೊಂದು ಹೇಳಿಕೆ ಬೇಕಾಗಿತ್ತು: ಅವಳು ಸತ್ತಿಲ್ಲ ಎಂಬುದು. ಜೀವಂತವಿರುವವಳನ್ನು ಜೀವಂತಳೆಂದು ಯಂತ್ರಕ್ಕೆ ಒಪ್ಪಿಸಲು ಆರು ತಿಂಗಳು ಹಿಡಿಯಿತು. ನಫೀಸಾ ಅದಕ್ಕಾಗಿ ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದರು. ಯಂತ್ರ ಬಾಗಿಲು ತೆರೆಯದಿದ್ದರೆ ರೋಗಿಯನ್ನು ಒಬ್ಬ ಮನುಷ್ಯನಾದರೂ ಬಂದು ನೋಡಬೇಕು ಎಂಬ ನಿಯಮವನ್ನೂ ಮಾಡಿಸಿದರು. ಡೇರೆಯವರು ಮಾತ್ರ ಸಿಗಲಿಲ್ಲ. ಅವರು ಅಂದು ಎಷ್ಟು ಚಾಲಕರ ಎದೆಬಡಿತ ತುಂಬಿಕೊಂಡರೋ, ಒಂದೊಂದನ್ನು ಎಷ್ಟು ಸಲ ಮಾರಿದರೋ ಯಾರಿಗೂ ತಿಳಿಯಲಿಲ್ಲ.

ಎದೆಯನ್ನು ಬದಲಿಸಲಾಗದು. ಆದ್ದರಿಂದ ಕೇಂದ್ರ ಕಸ್ತೂರಿಯ ಹೆಸರಿಗೆ ಎರಡನೆಯ ಬೀಗ ಹಾಕಿತು. ಎದೆ ಬಡಿದರೆ ಸಾಲದು, ಅವಳೇ ಆರಿಸಿದ ಒಂದು ಮಾತನ್ನೂ ಹೇಳಬೇಕು. ಅದನ್ನು ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ನಫೀಸಾ ಎಚ್ಚರಿಸಿದ್ದರು. ಹೊಸ ಪಟ್ಟಿ ಹಚ್ಚಿಕೊಂಡ ಮೊದಲ ದಿನ ಅವಳು ಅಡುಗೆಮನೆಯ ಮೂಲೆಗೆ ಹೋಗಿ ಪಟ್ಟಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. ತಿರುಗಿದಾಗ ಬಸಲಿಂಗ ಬಾಗಿಲಲ್ಲಿ ನಿಂತಿದ್ದ.

"ನನಗೂ ಹೇಳಂಗಿಲ್ಲೇನು?"

"ನಿಮಗೂ ಹೇಳಂಗಿಲ್ಲ."

"ನೀ ಎಚ್ಚರ ತಪ್ಪಿದ್ರ?"

ಅವಳು ತೋಳಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡಳು. ಅವನು ಬೇಸರ ತೋರಿಸದೆ ಅಂಗಡಿಗೆ ಹೋದ. ಆ ದಿನವೆಲ್ಲ ರಂದದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. ಅಂದಿನಿಂದ ಅವಳು ಪಟ್ಟಿಯೊಂದಿಗೆ ಮಾತಾಡುವಾಗ ಅವನು ಹೊರಗೆ ಹೋಗಿ ನಿಲ್ಲುತ್ತಿದ್ದ.

ಬಸ್ಸಿನ ಕೆಲಸ ಮರಳಿ ಸಿಕ್ಕ ಮೇಲೊಂದು ಮಧ್ಯಾಹ್ನ, ಅವಳು ಊಟಕ್ಕೆ ಮನೆಗೆ ಬಂದಿದ್ದಾಗ ನಫೀಸಾ ಫೋನು ಮಾಡಿದರು.

"ಇವತ್ತ ವಿಜಯಪುರದಾಗ ನಿಮ್ಮ ಹೆಸರಿಲೆ ಯಾರೋ ಆಸ್ಪತ್ರಿಗೆ ಬಂದಿದ್ರು. ಎದಿಬಡಿತ ನಿಮ್ಮದ ಇತ್ತು. ಮಾತು ಕೇಳಿದ್ರ ಹೇಳಾಕ ಬರಲಿಲ್ಲ. ಬಾಗಿಲ ತೆರೀಲಿಲ್ಲ. ಅಂಜಬ್ಯಾಡ್ರಿ, ಬೀಗ ಗಟ್ಟಿ ಐತಿ."

ಕಸ್ತೂರಿ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದಳು. "ಯಾರ್ರಿ ಅವ್ರು?"

"ಗೊತ್ತಾಗ್ಲಿಲ್ಲ. ನರ್ಸ್ ಹೊರಗ ಬರೂದ್ರಾಗ ಎದ್ದು ಹೋಗಿದ್ಲಂತ. ವಯಸ್ಸಾದಾಕಿ. ಎದಿ ಹಿಡಕೊಂಡು ಮೆಟ್ಟಲ ಮ್ಯಾಲ ಕುಂತಿದ್ಲು ಅಂದ್ರು ನೋಡಿದವರು. ಹುಡಕಾಕ ಕಳಿಸೀನಿ."

ಫೋನು ಇಟ್ಟ ಮೇಲೆ ಕಸ್ತೂರಿ ಎದ್ದು ಹೋಗಿ, ಹಾಡುಹಗಲೇ ಬಾಗಿಲ ಅಗಳಿ ಹಾಕಿದಳು. ಕಿಟಕಿಯ ಚಿಲಕವನ್ನೂ ಎಳೆದು ನೋಡಿದಳು. ಬಂದು ತಾಟಿನ ಮುಂದೆ ಕುಳಿತಳು. ಊಟ ಮಾಡಲಿಲ್ಲ.

"ಏನಾತು?" ಎಂದು ಬಸಲಿಂಗ ಕೇಳಿದ. "ಬೀಗ ತೆರೀತೇನು?"

"ಇಲ್ಲ" ಎಂದಳು. "ಇನ್ನೊಬ್ಬಾಕಿ ಅದಾಳ್ರಿ. ಆಕಿಗೆ ಭಾಳ ಆರಾಮಿಲ್ಲಂತ."